ಕೀಬೋರ್ಡ್ ನೋಡಿಕೊಂಡೇ ಟೈಪ್ ಮಾಡುವವನು ಈಗ ಹತ್ತು ಬೆರಳಿಗೆ ಬದಲಾಗಬೇಕಾ?

ಲೆಕ್ಕದಬುಕ್ಕು:

ನಾನು ಅಕೌಂಟ್ಸ್ ವಿಭಾಗದವನು. ದಿನವಿಡೀ ಕಂಪ್ಯೂಟರ್ ಮುಂದೆಯೇ ಇರುತ್ತೇನೆ, ಆದರೆ ಟೈಪಿಂಗ್ ಅಂತ ಯಾವತ್ತೂ ಕಲಿತಿಲ್ಲ. ಎರಡು ತೋರುಬೆರಳು, ಆಗಾಗ ಬಲಗೈಯ ನಡುಬೆರಳು, ಸ್ಪೇಸ್‌ಗೆ ಹೆಬ್ಬೆರಳು. ಇಷ್ಟೇ ನನ್ನ ಪಡೆ. ಒಂದೇ ಒಂದು ದೊಡ್ಡಕ್ಷರ ಬೇಕಾದರೂ ಕ್ಯಾಪ್ಸ್ ಲಾಕ್ ಒತ್ತಿ, ಅಕ್ಷರ ಒತ್ತಿ, ಮತ್ತೆ ಕ್ಯಾಪ್ಸ್ ಲಾಕ್ ಒತ್ತುತ್ತೇನೆ.

ಮೊನ್ನೆ ಸುಮ್ನೆ ಕುತೂಹಲಕ್ಕೆ ಒಂದು ಆನ್‌ಲೈನ್ ಟೆಸ್ಟ್ ತಗೊಂಡೆ. ನಿಮಿಷಕ್ಕೆ 29 ಪದ ಬಂತು. ಪಕ್ಕದ ಸೀಟಿನವರು ಆರೇ ಬೆರಳಲ್ಲಿ 60 ದಾಟುತ್ತಾರೆ. ಅವರೂ ಎಲ್ಲೂ ಕಲಿತವರಲ್ಲ! ವಿಚಿತ್ರ ಏನಂದರೆ, ಬಲಗಡೆಯ ನಂಬರ್ ಪ್ಯಾಡ್‌ನಲ್ಲಿ ನನ್ನನ್ನು ಮೀರಿಸುವವರು ನಮ್ಮಲ್ಲಿ ಇಲ್ಲ. ಬಿಲ್ ನೋಡುತ್ತಾ ಅಂಕಿ ಹೊಡೆದುಕೊಂಡು ಹೋಗುತ್ತೇನೆ, ಕೈ ಕಡೆ ನೋಡುವುದೇ ಇಲ್ಲ. ಅಕ್ಷರ ಬಂತೋ, ಕತ್ತು ಬಗ್ಗಿತು ಅಂತಲೇ ಲೆಕ್ಕ.

ಜಾಸ್ತಿ ಕಷ್ಟ ಆಗುವುದು ಮೀಟಿಂಗ್‌ನಲ್ಲಿ. ಸ್ಕ್ರೀನ್ ಶೇರ್ ಆಗಿರುತ್ತದೆ, ಚರ್ಚೆ ಮುಂದೆ ಹೋಗಿರುತ್ತದೆ, ನಾನು ಹಿಂದಿನ ವಾಕ್ಯದ ನಡುವೆ ಇರುತ್ತೇನೆ. ಎಲ್ಲರ ಕಣ್ಣು ನನ್ನ ಕರ್ಸರ್ ಮೇಲೆ.

ವಯಸ್ಸು ಐವತ್ತರ ಹತ್ತಿರ. ಈಗ ಕಲಿತರೆ ನಿಜಕ್ಕೂ ಪ್ರಯೋಜನ ಇದೆಯಾ? ಇಷ್ಟು ವರ್ಷ ಬಳಸಿದರೂ ವೇಗ ತಾನಾಗಿ ಯಾಕೆ ಬರಲಿಲ್ಲ?

ಸೆಮಿಕೋಲನ್:

ನಿಮ್ಮ ಪಕ್ಕದ ಸೀಟಿನವರಂಥವರ ಮೇಲೆ ಸಂಶೋಧನೆಯೇ ನಡೆದಿದೆ. ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದವರು 2016ರಲ್ಲಿ 30 ಜನರ ಬೆರಳುಗಳ ಚಲನೆಯನ್ನು ಕ್ಯಾಮೆರಾಗಳಿಂದ ಅಳೆದರು. ತಾವಾಗಿಯೇ ಕಲಿತವರಲ್ಲೂ ಕೆಲವರು ಹತ್ತು ಬೆರಳಿನವರಷ್ಟೇ ವೇಗವಾಗಿದ್ದರು. ವೇಗದವರಲ್ಲಿ ಕಂಡ ಗುಣ ಬೇರೆಯೇ. ಒಂದು ಕೀಗೆ ಯಾವಾಗಲೂ ಅದೇ ಬೆರಳು. ಅಂಗೈ ಅತ್ತಿತ್ತ ಓಡಾಡುವುದು ಕಡಿಮೆ. ಒಂದು ಅಕ್ಷರ ಒತ್ತುವಾಗಲೇ ಮುಂದಿನದಕ್ಕೆ ಇನ್ನೊಂದು ಬೆರಳು ಸಿದ್ಧ. ಆದರೆ ಒಂದು ವಿಷಯದಲ್ಲಿ ಕಲಿತವರೇ ಮುಂದೆ: ತಾವಾಗಿ ಕಲಿತವರು ಕೈ ನೋಡಲು ಕಳೆದ ಸಮಯ ಹೆಚ್ಚುಕಡಿಮೆ ದುಪ್ಪಟ್ಟು.

29 ಅಂತ ತುಂಬಾ ಬೇಜಾರು ಬೇಡ. ಅದೇ ಆಲ್ಟೊ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2018ರಲ್ಲಿ 1,68,000 ಜನರ ಟೈಪಿಂಗ್ ನೋಡಿದಾಗ ಸರಾಸರಿ ನಿಮಿಷಕ್ಕೆ 52 ಪದ ಬಂತು. ಆದರೆ ಅವರು ಟೈಪಿಂಗ್ ಟೆಸ್ಟ್ ಹುಡುಕಿಕೊಂಡು ಬಂದ ಜನ. ಸಾಮಾನ್ಯ ಕಚೇರಿಯಲ್ಲಿ ಅಷ್ಟು ಇರಲಿಕ್ಕಿಲ್ಲ ಅಂತ ನನಗನಿಸುತ್ತದೆ. ಇಲ್ಲಿ ಒಂದು 'ಪದ' ಅಂದರೆ ಸ್ಪೇಸ್ ಸೇರಿ ಐದು ಕೀ ಅಂತ ಲೆಕ್ಕ.

ಕಂಟ್ರೋಲ್‌ಝಡ್:

ನನ್ನನ್ನು ಕೇಳಿದರೆ ಬಿಟ್ಟುಬಿಡಿ. ಯಾರೂ ನಿಮಿಷಕ್ಕೆ 60 ಪದ ಯೋಚನೆ ಮಾಡುವುದಿಲ್ಲ. ಅದರ ಬದಲು ಶಾರ್ಟ್‌ಕಟ್ ಕಲಿಯಿರಿ. ಕಂಟ್ರೋಲ್ ಜೊತೆ ಬ್ಯಾಕ್‌ಸ್ಪೇಸ್ ಒತ್ತಿದರೆ ಇಡೀ ಪದ ಹೋಗುತ್ತದೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಉಳಿದದ್ದಕ್ಕೆ ವಾಯ್ಸ್ ಟೈಪಿಂಗ್ ಇದ್ದೇ ಇದೆಯಲ್ಲ.

ಹಳೇಟೈಪಿಸ್ಟ್:

ಕಂಟ್ರೋಲ್‌ಝಡ್ ಅವರೇ, ಮೀಟಿಂಗ್‌ನಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ಇವರು ಎಲ್ಲಿ ಕೂತು ಮೈಕಿಗೆ ಹೇಳಬೇಕು? ಶಾರ್ಟ್‌ಕಟ್ ಮಾತು ಮಾತ್ರ ಒಪ್ಪಿದೆ.

ಲೆಕ್ಕದಬುಕ್ಕು ಸರ್, ನಿಮಗೆ ನೋಡದೆ ಟೈಪ್ ಮಾಡುವುದು ಆಗಲೇ ಬರುತ್ತದೆ. ನಂಬರ್ ಪ್ಯಾಡ್‌ನಲ್ಲಿ ನೀವು ಮಾಡುತ್ತಿರುವುದು ಅದೇ ಅಲ್ವಾ? 5ರ ಮೇಲೆ ಸಣ್ಣ ಉಬ್ಬು ಇದೆ, ನಡುಬೆರಳು ಅಲ್ಲಿಗೆ ಹೋಗಿ ಕೂರುತ್ತದೆ, ಅಕ್ಕಪಕ್ಕದ ಬೆರಳು 4, 6ರ ಮೇಲೆ. ಅಲ್ಲಿ ನಿಮ್ಮ ಕಣ್ಣು ಬಿಲ್ ಬಿಟ್ಟು ಕದಲುವ ಹಾಗಿರಲಿಲ್ಲ, ಅದಕ್ಕೇ ಕೈ ತಾನಾಗಿ ಕಲಿಯಿತು. ಪತ್ರ ಬರೆಯುವಾಗ ಹಾಗಲ್ಲ. ಬರೆಯಬೇಕಾದ್ದು ತಲೆಯಲ್ಲೇ ಇರುತ್ತದೆ. ಕಣ್ಣಿಗೆ ಬೇರೆ ಕೆಲಸ ಇಲ್ಲ, ಹೋಗಿ ಕೀಬೋರ್ಡ್ ಮೇಲೆ ಕೂರುತ್ತದೆ. ಇನ್ನೂ ಎಷ್ಟು ವರ್ಷ ಹಾಗೇ ಬರೆದರೂ ಕೈಗೆ ಕಲಿಯುವ ಅಗತ್ಯವೇ ಬರುವುದಿಲ್ಲ.

ನಾವು ಟೈಪ್‌ರೈಟರ್ ಮೇಲೆ ಕಲಿತವರು. ಕೈ ಕಾಣದ ಹಾಗೆ ಮೇಲೊಂದು ರಟ್ಟು ಅಡ್ಡ ಇಟ್ಟು ಹೊಡೆಸುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು, ಈಗ ಅದರ ಬೆಲೆ ಗೊತ್ತು. ಹಾಗಂತ ನೋಡಿ ಹೊಡೆಯುವುದು ಹೊಸ ರೋಗವೇನಲ್ಲ. ಇವತ್ತಿನ ಕೀಬೋರ್ಡಿನ ಹಿರಿಯಣ್ಣನಾದ ಟೈಪ್‌ರೈಟರ್ ಮಾರಾಟಕ್ಕೆ ಬಂದದ್ದು 1874ರಲ್ಲಿ. ಫ್ರಾಂಕ್ ಮೆಗರ್ರಿನ್ ಕೀ ನೋಡದೆ ಹೊಡೆದು ಸಿನ್ಸಿನಾಟಿಯ ಸ್ಪರ್ಧೆ ಗೆದ್ದು ಹೆಸರಾದದ್ದು 1888ರಲ್ಲಿ. ಅಲ್ಲಿಯವರೆಗೆ ನಿಮ್ಮಂಥವರದೇ ರಾಜ್ಯ ಅನ್ನಿ.

ಇನ್ನು ವಯಸ್ಸು. ಟಿಮೊತಿ ಸಾಲ್ಟ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞ 1984ರಲ್ಲಿ 19ರಿಂದ 72 ವಯಸ್ಸಿನ ಟೈಪಿಸ್ಟರನ್ನು ಪರೀಕ್ಷಿಸಿದ್ದರು. ಹಿರಿಯರ ಬೆರಳು ನಿಧಾನವಾಗಿತ್ತು, ಆದರೆ ಪಠ್ಯದಲ್ಲಿ ಕಣ್ಣನ್ನು ಇನ್ನಷ್ಟು ಮುಂದೆ ಓಡಿಸಿ ಅದನ್ನು ಸರಿದೂಗಿಸುತ್ತಿದ್ದರು. ಅವರು ಮೊದಲೇ ಪಳಗಿದವರು, ಹೊಸದಾಗಿ ಕಲಿಯುವವರಲ್ಲ, ಅದು ನಿಜ. ಆದರೂ ಕಣ್ಣು ಕೈಯಿಂದ ಬಿಡುಗಡೆ ಆದರೆ ಏನು ಸಿಗುತ್ತದೆ ಅಂತ ಗೊತ್ತಾಗುತ್ತದೆ.

ಹೇಗೆ ಕಲಿಯೋದು ಅಂದರೆ, ಎಫ್ ಮತ್ತು ಜೆ ಮೇಲೆ ನಂಬರ್ ಪ್ಯಾಡಿನ 5ರಂಥದೇ ಉಬ್ಬು ಇದೆ. ತೋರುಬೆರಳುಗಳು ಅಲ್ಲಿ. ದಿನಾ ಕಾಲು ಗಂಟೆ ಸಾಕು, ಯಾವುದಾದರೂ ಟೈಪಿಂಗ್ ಪಾಠದಲ್ಲಿ ನಡುಸಾಲಿನಿಂದ ಶುರು ಮಾಡಿ. ಕೀಬೋರ್ಡ್ ಚಿತ್ರ ಬಾಯಿಪಾಠ ಮಾಡಬೇಡಿ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ನಿಮಿಷಕ್ಕೆ ಸರಾಸರಿ 72 ಪದ ಹೊಡೆಯುವವರಿಗೆ ಖಾಲಿ ಕೀಬೋರ್ಡ್ ಚಿತ್ರ ಕೊಟ್ಟು ಅಕ್ಷರ ತುಂಬಿ ಅಂದಾಗ ಸರಾಸರಿ 15 ಅಕ್ಷರ ಮಾತ್ರ ಸರಿ ಬಂತಂತೆ. ಅದು ಬೆರಳಿನ ವಿದ್ಯೆ, ತಲೆಯದಲ್ಲ. ಕ್ಯಾಪ್ಸ್ ಲಾಕ್ ಬಿಡಿ. ಎಡಗೈ ಅಕ್ಷರಕ್ಕೆ ಬಲಗಡೆ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡಗಡೆ ಶಿಫ್ಟ್.

ಮೊದಲ ಕೆಲವು ವಾರ ವೇಗ 29ಕ್ಕಿಂತಲೂ ಕೆಳಗೆ ಇಳಿಯುತ್ತದೆ. ಹಾಗಾಗಿ ತಿಂಗಳ ಕೊನೆಯ ಲೆಕ್ಕ ಮುಗಿಸುವ ಹೊತ್ತಿನಲ್ಲಿ ಶುರು ಮಾಡಬೇಡಿ. ಅರ್ಜೆಂಟ್ ಕೆಲಸ ಹಳೇ ರೀತಿಯಲ್ಲೇ ನಡೆಯಲಿ, ಸ್ವಂತ ಮೇಲ್‌ಗಳಿಗೆ ಹೊಸದು.

ಲೆಕ್ಕದಬುಕ್ಕು:

ನಂಬರ್ ಪ್ಯಾಡ್ ವಿಷಯ ಹೀಗೆ ಹೊಳೆದೇ ಇರಲಿಲ್ಲ ಮೇಡಂ. ಇನ್ನೊಂದು ಸಂಶಯ. ನನ್ನ ಕಿರುಬೆರಳು ಮಹಾ ಸೋಮಾರಿ. ಕ್ಯೂ, ಪಿ ಎರಡಕ್ಕೂ ಉಂಗುರಬೆರಳು ಬಳಸಿದರೆ ತಪ್ಪಾ?

ಹಳೇಟೈಪಿಸ್ಟ್:

ನಮ್ಮ ಮೇಷ್ಟ್ರು ಒಪ್ಪುತ್ತಿರಲಿಲ್ಲ, ನಾನು ಒಪ್ಪುತ್ತೇನೆ. ಆದರೆ ಇವತ್ತು ಉಂಗುರಬೆರಳು, ನಾಳೆ ತೋರುಬೆರಳು ಅಂತ ಆಗಬಾರದು. 'ಎ' ಅಕ್ಷರವನ್ನು ಮಾತ್ರ ಕಿರುಬೆರಳಿಗೇ ಬಿಡಿ. ಇಂಗ್ಲಿಷಿನಲ್ಲಿ ಅದು ಪದೇಪದೇ ಬರುತ್ತದೆ, ಅದಕ್ಕೆ ಉಂಗುರಬೆರಳು ಹೋದರೆ ಪ್ರತಿ ಸಲ ಇಡೀ ಎಡಗೈ ಜಾಗ ಬಿಟ್ಟು ಸರಿಯುತ್ತದೆ, ಆಮೇಲೆ ಎಫ್ ಎಲ್ಲಿದೆ ಅಂತ ಮತ್ತೆ ಹುಡುಕಬೇಕು.