ಅತ್ತಿಗೆ, ಮೂರು ಚುಕ್ಕಿಯಿಂದ ಶುರು ಮಾಡೋಣ

ಅತ್ತಿಗೆ, ರಾತ್ರಿ ನೀವು ಗ್ರೂಪಿನಲ್ಲಿ ಹಾಕಿದ್ದು ಈಗ ನೋಡಿದೆ. ಮೂರು ವರ್ಷದಿಂದ ಸೊಂಟ ನೋವು, ಎಂಆರ್‌ಐಯಲ್ಲಿ ದೊಡ್ಡದೇನೂ ಇಲ್ಲ ಅಂತಾರೆ, ಇನ್ನು ನನ್ನ ಕೈಲಿ ಏನೂ ಆಗಲ್ಲ ಅಂತ ಬರೆದಿದ್ದೀರಿ. ದೊಡ್ಡಪ್ಪ "ಮನಸ್ಸು ಗಟ್ಟಿ ಮಾಡ್ಕೊಳಮ್ಮ" ಅಂದರು. ಪ್ರೀತಿಯಿಂದಲೇ ಅಂದಿದ್ದು. ಆದರೆ ಆರು ವರ್ಷ ಸೊಂಟ ಹಿಡ್ಕೊಂಡು ಓಡಾಡಿದವಳು ನಾನು. ಆ ಮಾತು ಕೇಳಿದಾಗೆಲ್ಲ ನನ್ನ ನೋವನ್ನು ಯಾರೂ ನಂಬ್ತಿಲ್ಲ ಅನಿಸುತ್ತಿತ್ತು.

ನಿಮ್ಮ ನೋವು ನಿಜ ಅತ್ತಿಗೆ. ಸ್ಕ್ಯಾನಿನಲ್ಲಿ ಕಾಣದಿದ್ದರೂ ನಿಜ. ಮೂರು ತಿಂಗಳು ದಾಟಿದ ನೋವಿನಲ್ಲಿ ಎಷ್ಟೋ ಸಲ ಪೆಟ್ಟು ಮಾಗಿರುತ್ತದೆ, ನರಗಳು ಮಾತ್ರ ಸಣ್ಣದಕ್ಕೂ ಜೋರಾಗಿ ಕೂಗುತ್ತಲೇ ಇರುತ್ತವೆ.

ನನ್ನ ಫಿಸಿಯೋಥೆರಪಿಸ್ಟ್ ಮೊದಲ ದಿನ ಒಂದು ಹಾಳೆ ಕೊಟ್ಟರು. ಆಸ್ಟ್ರೇಲಿಯಾದ ಮೈಕಲ್ ನಿಕೋಲಸ್ ಮಾಡಿದ್ದಂತೆ. ಹತ್ತೇ ಪ್ರಶ್ನೆ. ಎಷ್ಟು ನೋಯುತ್ತದೆ ಅಂತ ಒಂದೂ ಇಲ್ಲ! ನೋವಿದ್ದರೂ ಮನೆಗೆಲಸ ಮಾಡಬಲ್ಲೆ, ನೆಂಟರಿಷ್ಟರ ಜೊತೆ ಬೆರೆಯಬಲ್ಲೆ ಅನ್ನೋ ಧೈರ್ಯ ಎಷ್ಟಿದೆ, 0ಯಿಂದ 6ರೊಳಗೆ ಗುರುತು ಹಾಕಬೇಕು. 60ಕ್ಕೆ ನನಗೆ ಬಂದದ್ದು 14. ಅಲ್ಲೇ ಕೂತು ಅತ್ತುಬಿಟ್ಟೆ.

ಆಗ ಅವರು, ಬಂಡೂರಾ ಅನ್ನೋ ಮನಶ್ಶಾಸ್ತ್ರಜ್ಞರು 1977ರಲ್ಲೇ ಬರೆದಿದ್ದಾರೆ, ಕೈಲಾಗುತ್ತೆ ಅನ್ನೋ ನಂಬಿಕೆ ಬೇರೆಯವರ ಮಾತಿಗಿಂತ ನಾವೇ ಮಾಡಿ ಮುಗಿಸಿದ ಕೆಲಸದಿಂದ ಜಾಸ್ತಿ ಬರುತ್ತೆ ಅಂತ, ಅಂದರು. "ನಿಮಗೆ ಯಾವ ಕೆಲಸ ಬಿಟ್ಟು ಬೇಜಾರಾಗಿದೆ?" ಅಂತ ಕೇಳಿದರು. ರಂಗೋಲಿ ಅಂದೆ.

ನಾನು ಮಾಡುತ್ತಿದ್ದ ತಪ್ಪು ಅಲ್ಲೇ ಇತ್ತು. ನೋವು ಕಮ್ಮಿ ಇದ್ದ ದಿನ ಇಡೀ ಅಂಗಳ ತುಂಬಿಸೋದು, ಆಮೇಲೆ ಮೂರು ದಿನ ಹಾಸಿಗೆ. ಅವರು ಅದನ್ನು ನಿಲ್ಲಿಸಿದರು. ಮೂರು ಚುಕ್ಕಿ, ಮೂರು ಸಾಲು. ಚೆನ್ನಾಗಿದ್ದ ದಿನವೂ ಅಷ್ಟೇ, ನೋವಿದ್ದ ದಿನವೂ ಅಷ್ಟೇ. ಮೊದಲ ಬೆಳಿಗ್ಗೆ ಕೈ ನಡುಗಿ ಎರಡನೇ ಸಾಲು ಸೊಟ್ಟಗಾಯಿತು. ಹೊಸ್ತಿಲಿಗೆ ಕೈ ಊರಿಕೊಂಡು ಎದ್ದೆ. ಆದರೆ ಮಾರನೇ ದಿನವೂ ಹಾಕಿದೆ ನೋಡಿ! ವಾರಗಟ್ಟಲೆ ಅಷ್ಟೇ ಹಾಕಿ, ಆಮೇಲೆ ಐದು ಚುಕ್ಕಿಗೆ ಹೋದೆ. ನೋವು ಪೂರ್ತಿ ಹೋಗಿಲ್ಲ, ಇವತ್ತೂ ಇದೆ. ರಂಗೋಲಿಯೂ ಇದೆ.

ಕಾಲು ಸೋಲುವುದು, ಮೂತ್ರದ ಹಿಡಿತ ತಪ್ಪುವುದು ಏನಾದರೂ ಆದರೆ ಮಾತ್ರ ಕಾಯಬೇಡಿ, ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಭಾನುವಾರ ಆ ಹಾಳೆ ತಗೊಂಡು ಬರ್ತೀನಿ. ನೀವು ಬಿಟ್ಟಿರುವ ಕೆಲಸ ಯಾವುದು ಅಂತ ಅಷ್ಟರಲ್ಲಿ ಯೋಚಿಸಿಡಿ. ಅಡುಗೆ ನಾನೇ ಮಾಡ್ತೀನಿ, ಸುಮ್ನೆ ಕೂತಿರಿ.