ಸಹಾಯ ಬೇಕು: ಗೂಡ್ಸ್ ರೈಲಿನ ಕೆಲಸದ ಸುರಕ್ಷತೆ ಕುರಿತು

ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ್ ಕಡೆಯ ಗೂಡ್ಸ್ ರೈಲು ಸಿಬ್ಬಂದಿಯಲ್ಲಿ, ನಿವೃತ್ತ ಹಿರಿಯರಲ್ಲಿ ನನ್ನದೊಂದು ವಿನಂತಿ. 2022ರವರೆಗೆ ಗಾರ್ಡ್ ಎಂದು ಕರೆಯುತ್ತಿದ್ದ ಟ್ರೈನ್ ಮ್ಯಾನೇಜರ್ ಹುದ್ದೆಗೆ ನನ್ನ ತಮ್ಮ ಆಯ್ಕೆಯಾಗಿದ್ದು, ಸದ್ಯದಲ್ಲೇ ತರಬೇತಿಗೆ ಹೊರಡಲಿದ್ದಾನೆ. ಅಪಘಾತವಾಗಿ ಪಕ್ಕದ ಹಳಿಗೂ ಅಡ್ಡಿಯಾದರೆ, ಬ್ರಾಡ್‌ಗೇಜ್ ಮಾರ್ಗದಲ್ಲಿ 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ 10 ಮೀಟರ್ ಅಂತರಕ್ಕೊಂದರಂತೆ ಮೂರು ಡಿಟೋನೇಟರ್ (ಚಕ್ರ ಹರಿದಾಗ ಸಿಡಿದು, ಎದುರು ಬರುವ ರೈಲಿನ ಚಾಲಕನನ್ನು ಎಚ್ಚರಿಸುವ ಪಟಾಕಿ) ಹಳಿಯ ಮೇಲೆ ಇಡಬೇಕೆಂಬ ನಿಯಮವನ್ನು ಅವನು ಓದಿಕೊಂಡಿದ್ದಾನೆ. ಆದರೆ ಮಳೆಗಾಲದ ಕತ್ತಲೆಯಲ್ಲಿ ರೈಲಿನ ಕೊನೆಯಲ್ಲಿರುವ ತನ್ನ ಬ್ರೇಕ್ ವ್ಯಾನಿನಿಂದ ಒಬ್ಬನೇ ಇಳಿದು, ಜಲ್ಲಿಕಲ್ಲಿನ ಮೇಲೆ ಕೆಂಪು ದೀಪ ಹಿಡಿದು ಅಷ್ಟು ದೂರ ಧಾವಿಸುವಾಗ ತನ್ನ ಜೀವವನ್ನೂ ಕಾಯ್ದುಕೊಳ್ಳುವ ಬಗೆಯನ್ನು ಅನುಭವಸ್ಥರೇ ಹೇಳಬೇಕು. ಸತತ ರಾತ್ರಿ ಪಾಳಿಗಳ ನಡುವೆ ನಿದ್ರೆಯನ್ನು ಹೇಗೆ ಹೊಂದಿಸಿಕೊಳ್ಳುತ್ತೀರಿ ಎಂಬುದನ್ನೂ ದಯವಿಟ್ಟು ತಿಳಿಸಿ. ನಮ್ಮ ಅವ್ವನಿಗೆ ಅದೇ ದೊಡ್ಡ ಚಿಂತೆ.