ಅಣ್ಣನ ಕಾರಿನ ವಿಷಯ: ಟ್ಯಾಂಕ್ ಖಾಲಿ ಮಾಡಿಸುವ ಮೊದಲು ಬಾಟಲಿಯಲ್ಲಿ ಪೆಟ್ರೋಲ್ ಹಿಡಿದಿಡು

ಅಣ್ಣಾ, ನಿನ್ನ ಸಂದೇಶವನ್ನು ಓದಿದ್ದೇನೆ, ಅತ್ತಿಗೆ ಕಳುಹಿಸಿದ ಎಂಜಿನ್ ಸದ್ದಿನ ವಿಡಿಯೊವನ್ನೂ ಗಮನವಿಟ್ಟು ಕೇಳಿದ್ದೇನೆ. ಟೈಪ್ ಮಾಡುತ್ತ ಕುಳಿತರೆ ತಡವಾಗುತ್ತದೆ ಎಂದು ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ದಯವಿಟ್ಟು ಪೂರ್ತಿ ಕೇಳಿಸಿಕೊ. ಗುಂಪಿನಲ್ಲಿರುವ ಉಳಿದವರಿಗಾಗಿ ನಡೆದದ್ದನ್ನು ಒಮ್ಮೆ ಹೇಳಿಬಿಡುತ್ತೇನೆ. ಅಣ್ಣ, ಅತ್ತಿಗೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಟವರು, ತಿಪಟೂರು ದಾಟಿದ ಮೇಲೆ ಜೋರು ಮಳೆಯಲ್ಲೇ ಒಂದು ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿದ್ದಾರೆ. ಅಲ್ಲಿಂದ ಸ್ವಲ್ಪ ದೂರ ಹೋಗುವುದರೊಳಗೆ ಗಾಡಿ ಜರ್ಕ್ ಹೊಡೆಯತೊಡಗಿದೆ, ಪಿಕಪ್ ಬಿದ್ದುಹೋಗಿದೆ, ಐಡ್ಲಿಂಗಿನಲ್ಲಿ ಇಡೀ ಗಾಡಿ ನಡುಗುತ್ತಿದೆ, ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಮಿನುಗುತ್ತಿದೆ. ಬಂಕಿನ ಪೆಟ್ರೋಲಿನಲ್ಲಿ ನೀರು ಸೇರಿತ್ತು ಎಂಬುದು ಅಣ್ಣನ ಅನುಮಾನ. ಈಗ ಇಬ್ಬರೂ ಅರಸೀಕೆರೆಯಲ್ಲಿ ರೂಮು ಮಾಡಿಕೊಂಡು ಉಳಿದಿದ್ದಾರೆ.

ಮೊದಲನೆಯ ಮಾತು, ನಾಳೆ ಬೆಳಿಗ್ಗೆ ಆ ಗಾಡಿಯನ್ನು ಓಡಿಸಿಕೊಂಡು ಬರಬೇಡ. ನಿಧಾನವಾಗಿ ಬಂದು ಮುಂದಿನ ಬಂಕಿನಲ್ಲಿ ಒಳ್ಳೆಯ ಪೆಟ್ರೋಲ್ ಸೇರಿಸಿದರೆ ಸರಿಹೋಗುತ್ತದೆ ಎಂದು ದೊಡ್ಡಪ್ಪ ಹೇಳಿದ್ದಾರೆ. ದೊಡ್ಡಪ್ಪ, ನಿಮ್ಮ ಕಾಲದ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಆ ಉಪಾಯ ನಡೆಯುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಈ ಟ್ಯಾಂಕು ಈಗಾಗಲೇ ತುಂಬಿದೆ, ಸೇರಿಸಲು ಜಾಗವೇ ಇಲ್ಲ. ಜಾಗವಿದ್ದರೂ ನೀರು ಸೇರಿದ್ದೇ ಆದಲ್ಲಿ ಅದು ತಳದಲ್ಲಿ ಕುಳಿತಿರುತ್ತದೆ, ಪಂಪು ಎಳೆದುಕೊಳ್ಳುವುದೂ ತಳದಿಂದಲೇ. ಆ ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ಜಾಗ್ರತೆಯಿಂದ ಹತ್ತಿರದ ಗ್ಯಾರೇಜಿನವರೆಗೆ ಹೋಗಬಹುದಿತ್ತು. ಮಿನುಗುತ್ತಿದೆ ಎಂದರೆ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೆ ಉರಿಯುತ್ತಿದೆ ಎಂದೇ ಅರ್ಥ. ಆ ಬಿಸಿಗೆ ಒಳಗಿನ ಸೆರಾಮಿಕ್ ಜಾಲರಿ ಕರಗಿದರೆ, ಟ್ಯಾಂಕ್ ಸ್ವಚ್ಛ ಮಾಡಿಸುವ ಖರ್ಚಿನ ಎಷ್ಟೋ ಪಟ್ಟು ಹಣ ಅದೊಂದಕ್ಕೇ ಹೋಗುತ್ತದೆ. ಗಾಡಿ ಸ್ಟಾರ್ಟ್ ಆಗದಿದ್ದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದೂ ಬೇಡ. ಟೋಯಿಂಗ್ ಗಾಡಿ ಕರೆಸು.

ಎರಡನೆಯದು, ಪೆಟ್ರೋಲೇ ಕಾರಣ ಎಂದು ಈಗಲೇ ತೀರ್ಮಾನಿಸಬೇಡ. ಹಾಕಿಸಿದ ತಕ್ಷಣ ಶುರುವಾಯಿತಲ್ಲ ಎಂದು ನೀನು ಕೇಳುತ್ತಿರುವುದು ನ್ಯಾಯವೇ. ಪೈಪಿನಲ್ಲಿ ಉಳಿದ ಹಳೆಯ ಪೆಟ್ರೋಲ್ ಬಹಳ ಸ್ವಲ್ಪ, ಅದು ಮುಗಿದ ಮೇಲೆ ತಳದ ನೀರು ಬರುತ್ತದೆ, ಆದ್ದರಿಂದ ಕೆಲವೇ ಕಿಲೋಮೀಟರ್ ಸರಿಯಾಗಿ ಓಡಿ ಆಮೇಲೆ ಕೆಡುವುದು ನೀರಿನ ಲಕ್ಷಣಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಅದೇ ಹೊತ್ತಿನಲ್ಲಿ ನೀನು ರಸ್ತೆಯ ಮೇಲೆ ನಿಂತ ನೀರಿನಲ್ಲೂ ಗಾಡಿ ನುಗ್ಗಿಸಿದ್ದೀಯೆ, ಹೋದ ವಾರವಷ್ಟೇ ಸರ್ವಿಸ್ ಮಾಡಿಸಿದ್ದೀಯೆ. ಎರಡನ್ನೂ ನೀನೇ ಬರೆದಿದ್ದೀಯೆ. ನಾನು ಸರ್ವಿಸ್ ಸೆಂಟರಿನಲ್ಲಿದ್ದಾಗ ಮಳೆಗಾಲದಲ್ಲಿ ಪೆಟ್ರೋಲ್ ದೂರಿಕೊಂಡು ಬಂದ ಗಾಡಿಗಳ ಬಾನೆಟ್ ತೆರೆದು ನೋಡಿದರೆ, ಸ್ಪಾರ್ಕ್ ಪ್ಲಗ್ ಕೂರುವ ಗುಂಡಿಯಲ್ಲಿ ನೀರು ನಿಂತಿರುತ್ತಿತ್ತು, ಇಲ್ಲವೇ ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸಿನ ಕ್ಲಿಪ್ ಸರಿಯಾಗಿ ಕೂತಿರುತ್ತಿರಲಿಲ್ಲ. ಆದ್ದರಿಂದ ಮೆಕ್ಯಾನಿಕ್ ಮೊದಲು ಇವೆರಡನ್ನು ನೋಡಲಿ. ಅದಕ್ಕೆ ದುಡ್ಡೂ ಬೇಡ, ಹೊತ್ತೂ ಬೇಡ.

ಆಮೇಲೆ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡುಗಳನ್ನು ಓದುವ ಸಾಧನ, ಹಾಕಿಸು. ಅರಸೀಕೆರೆಯಂಥ ಊರಿನಲ್ಲಿ ಸ್ಕ್ಯಾನರ್ ಇರುವ ಗ್ಯಾರೇಜು ಸಿಕ್ಕೇ ಸಿಗುತ್ತದೆ. ಕೋಡ್ ಅಳಿಸುವ ಮೊದಲು ಅವುಗಳ ಫೋಟೊ ತೆಗೆದುಕೊ, ಇದನ್ನು ಮರೆಯಬೇಡ. ಪಿ0300 ಬಂದರೆ ಒಂದೇ ಸಿಲಿಂಡರಿನಲ್ಲಲ್ಲ, ಒಮ್ಮೆ ಇದರಲ್ಲಿ ಒಮ್ಮೆ ಅದರಲ್ಲಿ ಎಂಬಂತೆ ಹಲವು ಸಿಲಿಂಡರುಗಳಲ್ಲಿ ಮಿಸ್ಸಿಂಗ್ ಇದೆ ಎಂದು ಅರ್ಥ. ಅದರ ಜೊತೆಗೆ ಪಿ0171, ಅಂದರೆ ಪೆಟ್ರೋಲ್ ಸಾಲದು, ಗಾಳಿ ಹೆಚ್ಚಾಯಿತು ಎಂಬ ಕೋಡೂ ಇದ್ದರೆ, ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ತಾನಾಗಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಅಳತೆ, ಮೇಲೇರಿದ್ದರೆ, ಪೆಟ್ರೋಲಿನ ಮೇಲಿನ ಅನುಮಾನ ಬಲವಾಗುತ್ತದೆ. ನೀರು ಉರಿಯುವುದಿಲ್ಲ, ಸಿಲಿಂಡರಿನ ಆಮ್ಲಜನಕ ಹಾಗೇ ಹೊರಬರುತ್ತದೆ, ಹೊಗೆಯ ದಾರಿಯಲ್ಲಿರುವ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆಯಾಯಿತು ಎಂದು ತಿಳಿಯುತ್ತದೆ, ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಇನ್ನಷ್ಟು ಸುರಿಯುತ್ತದೆ. ಸಡಿಲವಾದ ಏರ್ ಹೋಸ್ ಕೂಡ ಇದೇ ಕೋಡನ್ನು ಕೊಡಬಲ್ಲದು. ಅದಕ್ಕೇ ಹೋಸನ್ನು ಮೊದಲು ನೋಡಿಸು ಎಂದದ್ದು. ಕೋಡ್ ಪಿ0302 ಎಂದು ಒಂದೇ ಸಿಲಿಂಡರನ್ನು ತೋರಿಸಿದರೆ ಕಥೆ ಬೇರೆ. ಒಂದೇ ಟ್ಯಾಂಕಿನ ಪೆಟ್ರೋಲ್ ಒಂದು ಸಿಲಿಂಡರನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ. ಪ್ಲಗ್‌ಗೆ ಕಿಡಿ ಹಾರಿಸುವ ಕರೆಂಟ್ ಕೊಡುವ ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ ಬದಲಾಯಿಸಿ ಹಾಕಿಸು. ಕೋಡ್ ಪಿ0303ಕ್ಕೆ ಬದಲಾದರೆ ಕಾಯಿಲ್ ಹೋಗಿದೆ, ಬಂಕಿನವನ ತಪ್ಪಿಲ್ಲ.

ಕೋಡುಗಳು ಪೆಟ್ರೋಲಿನ ಕಡೆಗೇ ಕೈ ತೋರಿಸಿದವು ಎಂದುಕೊಳ್ಳೋಣ. ಆಗ ಮೆಕ್ಯಾನಿಕ್ ಟ್ಯಾಂಕ್ ಖಾಲಿ ಮಾಡೋಣ ಎನ್ನುತ್ತಾನೆ. ಅಲ್ಲಿ ಅವನನ್ನು ಒಂದು ಕ್ಷಣ ತಡೆ. ನಾನು ಇಷ್ಟು ಉದ್ದ ಮಾತಾಡುತ್ತಿರುವುದೇ ಈ ಒಂದು ವಿಷಯಕ್ಕಾಗಿ: ಪೆಟ್ರೋಲನ್ನು ಚೆಲ್ಲುವ ಮೊದಲು ಸ್ವಚ್ಛವಾದ, ಒಣಗಿದ, ಒಳಗಿನದು ಕಾಣುವ ಬಣ್ಣವಿಲ್ಲದ ಗಾಜಿನ ಬಾಟಲಿಯಲ್ಲಿ ಅದನ್ನು ಹಿಡಿದಿಡಬೇಕು. ರೋಗವೇನೆಂದು ತೋರಿಸುವುದೂ ಅದೇ ಬಾಟಲಿ, ನಾಳೆ ಬಂಕಿನವರ ಮುಂದೆ ಇಡಬೇಕಾದ ಸಾಕ್ಷಿಯೂ ಅದೇ. ಎಂಜಿನ್ನಿಗೆ ಹೋಗುವ ಪೈಪಿನಲ್ಲಿ ಪ್ರೆಶರ್ ಇರುತ್ತದೆ, ಆದ್ದರಿಂದ ಮೊದಲು ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿಯೇ ನಿಲ್ಲುವವರೆಗೆ ಬಿಟ್ಟು, ಎಂಜಿನ್ ತಣ್ಣಗಾದ ಮೇಲೆ ಪೈಪ್ ಬಿಚ್ಚಲಿ. ನಂತರ ಫ್ಯೂಸ್ ಹಾಕಿ ಪೈಪಿನ ತುದಿಯನ್ನು ಬಾಟಲಿಗೆ ಹಿಡಿದು ಇಗ್ನಿಶನ್ ಆನ್ ಮಾಡಿದರೆ ಪಂಪು ಒಂದೆರಡು ಸೆಕೆಂಡ್ ಓಡಿ ತಳದ ಪೆಟ್ರೋಲನ್ನೇ ತಂದುಕೊಡುತ್ತದೆ. ಇದನ್ನೆಲ್ಲ ಗ್ಯಾರೇಜಿನ ಹೊರಗೆ, ಬಯಲಿನಲ್ಲಿ, ಬೆಂಕಿ ಬೀಡಿಯಿಂದ ದೂರ ಮಾಡಬೇಕು, ಮತ್ತು ಮೆಕ್ಯಾನಿಕ್ಕೇ ಮಾಡಬೇಕು, ನೀನು ಕೈ ಹಾಕಬೇಡ.

ಬಾಟಲಿಯನ್ನು ಅಲುಗಾಡಿಸದೆ ಇಟ್ಟು, ಬೆಳಕಿಗೆ ಹಿಡಿದು ನೋಡು. ತಳದಲ್ಲಿ ಬೇರೆ ಪದರ ಕಂಡು, ನಡುವೆ ಗೆರೆ ಎಳೆದಂತಿದ್ದರೆ ನೀರು ಖಚಿತ. ಪದರವಿಲ್ಲದೆ ಪೆಟ್ರೋಲ್ ಮಬ್ಬುಮಬ್ಬಾಗಿದ್ದರೂ ಅನುಮಾನಪಡು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ, ಎಥನಾಲಿಗೆ ನೀರೆಂದರೆ ಬಹಳ ಒಲವು. ಶೇಕಡಾ 10 ಎಥನಾಲ್ ಇರುವ ಪೆಟ್ರೋಲೇ 100 ಲೀಟರಿಗೆ ಸುಮಾರು ಅರ್ಧ ಲೀಟರ್ ನೀರನ್ನು ಒಳಗೆ ಕರಗಿಸಿಟ್ಟುಕೊಳ್ಳಬಲ್ಲದು, ಶೇಕಡಾ 20ರದ್ದು ಇನ್ನೂ ಹೆಚ್ಚು. ಆ ಮಿತಿ ಮೀರಿದರೆ, ಅಥವಾ ರಾತ್ರಿಯ ತಂಪಿಗೆ ಮಿತಿಯೇ ಇಳಿದರೆ, ನೀರು ಎಥನಾಲನ್ನೂ ಸೇರಿಸಿಕೊಂಡು ಒಟ್ಟಿಗೆ ಕೆಳಗಿಳಿಯುತ್ತದೆ. ಮೇಲೆ ಉಳಿದ ಪೆಟ್ರೋಲ್ ಎಥನಾಲ್ ಕಳೆದುಕೊಂಡು ಆಕ್ಟೇನ್, ಅಂದರೆ ಎಂಜಿನ್ ಬಡಿಯದಂತೆ ತಡೆಯುವ ಗುಣ, ಇಳಿಸಿಕೊಂಡಿರುತ್ತದೆ, ಆದ್ದರಿಂದ ಅದನ್ನು ಸೋಸಿ ಮತ್ತೆ ಹಾಕೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ನೀರು ತೆಗೆಯುವ ಬಾಟಲಿ ಔಷಧಗಳೂ ಈ ಹಂತದಲ್ಲಿ ಪ್ರಯೋಜನವಿಲ್ಲ.

ಇಲ್ಲಿ ಭಾವನವರು ಕಳುಹಿಸಿದ ವಿಡಿಯೊದ ಬಗ್ಗೆ ಒಂದು ಮಾತು ಹೇಳಲೇಬೇಕು. ಪೆಟ್ರೋಲಿಗೆ ನೀರು ಬೆರೆಸಿ, ಕುಲುಕಿ, ಹಾಕಿದ್ದಕ್ಕಿಂತ ಹೆಚ್ಚು ನೀರು ಕೆಳಗೆ ಬಂತು, ಬಂಕಿನವರು ಮೋಸ ಮಾಡಿದ್ದಾರೆ ಎಂದು ಅದರಲ್ಲಿ ತೋರಿಸುತ್ತಾರೆ. ಭಾವ, ಕೋಪ ಮಾಡಿಕೊಳ್ಳಬೇಡಿ, ಅದು ನೀರಿನ ಪರೀಕ್ಷೆಯಲ್ಲ. 100 ಮಿಲಿ ಒಳ್ಳೆಯ ಪೆಟ್ರೋಲಿಗೆ 20 ಮಿಲಿ ನೀರು ಹಾಕಿ ಕುಲುಕಿದರೂ, ಅದರಲ್ಲಿರುವ ಎಥನಾಲ್ ನೀರಿಗೆ ಸೇರಿಕೊಂಡು ಕೆಳಗಿನ ಪದರ ಹೆಚ್ಚುಕಡಿಮೆ 40 ಮಿಲಿ ಆಗುತ್ತದೆ. ಅಣ್ಣ ಆ ಪ್ರಯೋಗ ಮಾಡಿ ಬಂಕಿಗೆ ಹೋದರೆ, ಅವರು ಎರಡು ಮಾತಿನಲ್ಲಿ ಅವನ ಬಾಯಿ ಮುಚ್ಚಿಸಿಬಿಡುತ್ತಾರೆ. ಬಾಟಲಿಗೆ ಹೊರಗಿನ ಒಂದು ಹನಿಯೂ ಬೀಳಬಾರದು. ಫಿಲ್ಟರ್ ಪೇಪರ್ ಪರೀಕ್ಷೆಯನ್ನು ಬಂಕಿನಲ್ಲಿ ಕೇಳುವ ಹಕ್ಕು ನಮಗಿದೆ, ಆದರೆ ಅದು ಕಲೆ ಬಿಡುವ ಸೀಮೆಎಣ್ಣೆ, ಡೀಸೆಲ್ ಬೆರಕೆಯನ್ನು ಹಿಡಿಯುತ್ತದೆಯೇ ಹೊರತು ನೀರನ್ನಲ್ಲ.

ಒಂದೇ ಬಾಟಲಿ ಸಾಲದು, ಎರಡು ಇರಲಿ. ಮುಚ್ಚಳ ಭದ್ರ ಮಾಡಿ, ತಾರೀಖು, ಹೊತ್ತು, ಗಾಡಿಯ ನಂಬರ್, ಓಡಿದ ಕಿಲೋಮೀಟರ್ ಬರೆದು ಮೆಕ್ಯಾನಿಕ್‌ನ ಸಹಿ ಹಾಕಿಸು. ಬಂಕಿನ ಬಿಲ್ ಇಲ್ಲದಿದ್ದರೂ ಯುಪಿಐಯಲ್ಲಿ ಹಣ ಹೋದ ಸಮಯ ಫೋನಿನಲ್ಲಿ ಇದ್ದೇ ಇರುತ್ತದೆ. ಬಂಕಿಗೆ ತಡಮಾಡದೆ ಹೋಗಬೇಕು, ಏಕೆಂದರೆ ಹೊಸ ಟ್ಯಾಂಕರ್ ಬಂದು ಇಳಿಸಿದರೆ ನೆಲದಡಿಯ ಟ್ಯಾಂಕಿನಲ್ಲಿದ್ದದ್ದು ಬೆರೆತುಹೋಗುತ್ತದೆ. ಜಗಳ ಬೇಡ, ಮ್ಯಾನೇಜರನನ್ನು ಕರೆದು, ನಮ್ಮೆದುರೇ ಟ್ಯಾಂಕಿನಲ್ಲಿ ನೀರು ತಾಗಿದರೆ ಬಣ್ಣ ಬದಲಾಗುವ ಪೇಸ್ಟ್ ಹಚ್ಚಿ ಕಡ್ಡಿ ಇಳಿಸಿ ತೋರಿಸಿ ಎಂದು ಕೇಳು. ಪೆಟ್ರೋಲಿನ ಡೆನ್ಸಿಟಿಯನ್ನೂ (ಸಾಂದ್ರತೆ) ಅಳೆಸು, ಬಂಕಿನವರು ಬೆಳಿಗ್ಗೆ ಬರೆದ ಅಂಕಿಗೂ ಈಗಿನದಕ್ಕೂ 15 ಡಿಗ್ರಿ ಸೆಲ್ಸಿಯಸ್‌ನ ಲೆಕ್ಕದಲ್ಲಿ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅದನ್ನು ಬರೆಸಿಕೊ. ಅಲ್ಲಿನ ದೂರು ಪುಸ್ತಕದಲ್ಲಿ ಬರೆದು ಫೋಟೊ ತೆಗೆದುಕೊ, ಬೋರ್ಡಿನಲ್ಲಿರುವ ತೈಲ ಕಂಪನಿಯ ಟೋಲ್ ಫ್ರೀ ನಂಬರಿಗೂ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ ದೂರಿನ ಸಂಖ್ಯೆ ಪಡೆ. ಬಂಕಿನವರು ರಿಪೇರಿ ಖರ್ಚು ಕೊಡುತ್ತೇವೆ ಎಂದರೆ ಗ್ಯಾರೇಜಿನ ಬಿಲ್ಲಿನಲ್ಲಿ ಕಾರಣವನ್ನು ಸ್ಪಷ್ಟವಾಗಿ ಬರೆಸಿಕೊಂಡು ಕೊಡು.

ಟ್ಯಾಂಕ್ ಖಾಲಿ ಮಾಡುವಾಗ ಹತ್ತಿರ ನಿಂತು ನೋಡು. ಪೈಪ್ ಹಾಕಿ ಎಳೆದು, ಬರುವುದು ನಿಂತ ಕೂಡಲೇ ಮುಗಿಯಿತು ಎಂದು ಬಿಡುವುದು ಎಲ್ಲ ಕಡೆ ಇರುವ ಅಭ್ಯಾಸ. ನೀರು ಉಳಿಯುವುದು ಆ ಕೊನೆಯ ಲೋಟದಲ್ಲೇ. ಪಂಪಿನ ಜೋಡಣೆಯನ್ನು ಪೂರ್ತಿ ಮೇಲೆತ್ತಿ, ತಳವನ್ನು ನಾರು ಬಿಡದ ಬಟ್ಟೆಯಿಂದ ಒರೆಸಿ, ಪಂಪಿನ ಬುಡದ ಜಾಲರಿ ಫಿಲ್ಟರನ್ನು ನೋಡಿ, ಪೈಪನ್ನೂ ಹೊಸ ಪೆಟ್ರೋಲಿನಿಂದ ತೊಳೆಯಬೇಕು. ತೆಗೆದ ಪೆಟ್ರೋಲನ್ನು ಬೈಕಿಗೆ ಹಾಕಲೂ ಬಿಡಬೇಡ, ಚರಂಡಿಗೆ ಸುರಿಯಲೂ ಬಿಡಬೇಡ. ಬೇರೆ ಬಂಕಿನಿಂದ ಹೊಸದನ್ನು ತುಂಬಿಸಿ ಸ್ಟಾರ್ಟ್ ಮಾಡಿದಾಗ ಮೊದಲು ಸ್ವಲ್ಪ ಹೊತ್ತು ನಡುಗಿದರೆ ಗಾಬರಿಯಾಗಬೇಡ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳಲ್ಲಿ ಉಳಿದದ್ದು ಹೋಗಬೇಕಲ್ಲ. ಆಮೇಲೂ ಮಿಸ್ಸಿಂಗ್ ನಿಲ್ಲದಿದ್ದರೆ ಪ್ಲಗ್‌ಗಳನ್ನು ಬಿಚ್ಚಿಸಿ, ನಾಲ್ಕನ್ನೂ ಸಿಲಿಂಡರಿನ ಕ್ರಮದಲ್ಲೇ ಸಾಲಾಗಿಟ್ಟು ತುದಿಗಳ ಫೋಟೊ ಕಳುಹಿಸು, ನಾನು ನೋಡಿ ಹೇಳುತ್ತೇನೆ.